ಆಟ ಮಾಡಿದವರಿಗೆ ಬೇಕಾದದ್ದು ಆಡುವವರು

ಕಳೆದ ವರ್ಷ ನಮ್ಮ ಕಾಲೇಜಿನ ಪ್ರಶಿಕ್ಷಣಾರ್ಥಿಗಳಿಗಾಗಿ ಆನ್‌ಲೈನಿನಲ್ಲಿ ಒಂದು ವಿಡಿಯೋ ಗೇಮ್ ತಯಾರಿಕಾ ಸ್ಪರ್ಧೆ ಇಟ್ಟಿದ್ದೆವು. ತಮ್ಮ ಬೋಧನಾ ವಿಷಯಕ್ಕೆ ಹೊಂದುವ ಪುಟ್ಟ ಆಟವೊಂದನ್ನು ತಯಾರಿಸಿ ಕಳಿಸುವುದು, ಮೂವರು ಉಪನ್ಯಾಸಕರು ನೋಡಿ ಅಂಕ ಹಾಕುವುದು, ಮೂರು ಬಹುಮಾನ ಕೊಡುವುದು, ಇಷ್ಟೇ ಯೋಜನೆ. ತೀರ್ಪುಗಾರರಲ್ಲಿ ನಾನೂ ಒಬ್ಬಳು. ಇಪ್ಪತ್ತೊಂದು ಆಟಗಳು ಬಂದವು. ಬಹುಮಾನ ವಿತರಣೆ ಆಯಿತು, ಗುಂಪು ಫೋಟೋ ಆಯಿತು, ವರದಿ ಬರೆದು ಫೈಲಿಗೆ ಸೇರಿಸಿದ್ದೂ ಆಯಿತು.

ಒಂದು ವಾರದ ಮೇಲೆ ಸಮಾಜ ವಿಜ್ಞಾನ ವಿಧಾನದ ಒಬ್ಬ ಪ್ರಶಿಕ್ಷಣಾರ್ಥಿ ಸ್ಟಾಫ್ ರೂಮಿಗೆ ಬಂದಳು. ಅವಳದ್ದು ಟೊಮೆಟೊ ಆಟ. ಆಡುವವರು ಕೋಲಾರದ ಕಡೆಯ ರೈತರಾಗಿ, ಹದಿನೈದು ಕಿಲೋದ ಕ್ರೇಟ್‌ಗಳನ್ನು ಮಾರುಕಟ್ಟೆಗೆ ಒಯ್ದು, ಆ ದಿನದ ಹರಾಜಿಗೆ ಮಾರುವುದೋ, ನಾಳೆಗೆ ಕಾಯುವುದೋ, ವಾಪಸ್ ತರುವುದೋ ಎಂದು ನಿರ್ಧರಿಸಬೇಕು. "ಮೇಡಂ, ವಾಪಸ್ ತರುವ ದಾರಿ ಒತ್ತಿದರೆ ಮುಂದಿನ ಪುಟವೇ ಬರ್ತಿರಲಿಲ್ಲ. ಕಳಿಸಿದ ಮೇಲೆ ಗೊತ್ತಾಯ್ತು. ಅದಕ್ಕೇ ಅಂಕ ಕಡಿಮೆ ಆಯ್ತಾ?" ಎಂದು ಕೇಳಿದಳು. ನಾನು ಅಲ್ಲಿಯವರೆಗೆ ಹೋಗಿರಲೇ ಇಲ್ಲ. ಅವಳ ಆಟವನ್ನು ಎರಡು ನಿಮಿಷ ತೆರೆದು, ಚಿತ್ರಗಳಿಲ್ಲ ಎಂದು ಗುರುತು ಹಾಕಿ, ಹತ್ತಕ್ಕೆ ಐದು ಕೊಟ್ಟು ಮುಂದಿನದಕ್ಕೆ ಹೋಗಿದ್ದೆ. ಉಳಿದ ಇಬ್ಬರನ್ನು ಕೇಳಿದೆ. ಅವರೂ ಹೋಗಿರಲಿಲ್ಲ. ಸಹಪಾಠಿಗಳಲ್ಲಿ ಯಾರಾದರೂ ಆಡಿದ್ದಾರೆಯೇ ಎಂದರೆ, ಆಟಗಳನ್ನು ನಾವು ಅವರಿಗೆ ಹಂಚಿಯೇ ಇರಲಿಲ್ಲ. ಹನ್ನೆರಡು ರಾತ್ರಿ ಕೂತು ಮಾಡಿದ ಆಟವನ್ನು ಕೊನೆಯವರೆಗೆ ಆಡಿದವಳು ಅವಳೊಬ್ಬಳೇ.

ಇಂಥ ಸ್ಪರ್ಧೆಗಳನ್ನು ನಡೆಸುವವರಿಗೆ ನನ್ನ ಮನವಿ ಒಂದೇ: ಮೊದಲ, ಎರಡನೆಯ, ಮೂರನೆಯ ಬಹುಮಾನಗಳನ್ನು ತೆಗೆದುಹಾಕಿ, ಆ ಶ್ರಮವನ್ನೆಲ್ಲ ಪ್ರತಿಯೊಂದು ಆಟಕ್ಕೂ ಆಡುವವರನ್ನು ಒದಗಿಸುವುದಕ್ಕೆ ಹಾಕಿ.

ಇದು ನನ್ನ ಕಲ್ಪನೆಯೇನಲ್ಲ. 2002ರಲ್ಲಿ ಆರಂಭವಾದ ಲೂಡಮ್ ಡೇರ್ ಎಂಬ ಆನ್‌ಲೈನ್ ಹವ್ಯಾಸಿ ಸ್ಪರ್ಧೆ ಬಹುಕಾಲದಿಂದ ಹೀಗೇ ನಡೆಯುತ್ತಿದೆ. ಒಬ್ಬರೇ ಕೂತು 48 ಗಂಟೆಗಳಲ್ಲಿ ಒಂದು ಆಟ ಮಾಡಬೇಕು. ತಂಡವಾಗಿ ಮಾಡುವವರಿಗೆ 72 ಗಂಟೆ. ವಸ್ತು ಯಾವುದೆಂದು ಭಾಗವಹಿಸುವವರೇ ಮತ ಹಾಕಿ ಆರಿಸುತ್ತಾರೆ. ಹೊರಗಿನ ತೀರ್ಪುಗಾರರಿಲ್ಲ, ಆಟ ಮಾಡಿದವರೇ ಒಬ್ಬರ ಆಟವನ್ನೊಬ್ಬರು ಆಡಿ ಅಂಕ ಕೊಡುತ್ತಾರೆ, ಟಿಪ್ಪಣಿ ಬರೆಯುತ್ತಾರೆ. ಇಂತಿಷ್ಟು ಜನ ಆಡಿ ಅಂಕ ಕೊಟ್ಟ ಹೊರತು ಆಟಕ್ಕೆ ಅಂತಿಮ ಸ್ಥಾನವೇ ಸಿಗದು. ಬೇರೆಯವರ ಆಟಗಳನ್ನು ಹೆಚ್ಚು ಆಡಿ ಅಭಿಪ್ರಾಯ ಬರೆದವರ ಆಟ ಇತರರ ಕಣ್ಣಿಗೆ ಹೆಚ್ಚು ಬೀಳುವಂತೆ ಪಟ್ಟಿಯನ್ನು ಜೋಡಿಸಿರುತ್ತಾರೆ. ಗೆದ್ದವರಿಗೆ ಹಣವಿಲ್ಲ, ಕಪ್ ಇಲ್ಲ. ಆದರೂ ಜನ ಬರುತ್ತಾರೆ. ತಮ್ಮ ಆಟವನ್ನು ಗುರುತು ಪರಿಚಯವಿಲ್ಲದ ಹತ್ತಾರು ಜನ ಆಡುತ್ತಾರೆ ಎಂಬ ಖಾತ್ರಿ ಅಲ್ಲಿದೆ. ನಮ್ಮ ಇಪ್ಪತ್ತೊಂದು ಜನರಿಗೆ ನಾವು ಕೊಡಲಾಗದೆ ಹೋದದ್ದು ಅದನ್ನೇ.

ಅಲ್ಲಿಯ ನಿಯಮಗಳನ್ನೆಲ್ಲ ಹಾಗೇ ಎತ್ತಿ ತರಬೇಕಿಲ್ಲ. 48 ಗಂಟೆಯ ಓಟ ನಮ್ಮವರಿಗೆ ಒಗ್ಗುವುದಿಲ್ಲ. ನಮ್ಮ ತರಗತಿಯಲ್ಲಿ ಮದುವೆಯಾಗಿ ಮನೆ ನಡೆಸುವವರಿದ್ದಾರೆ, ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವರಿದ್ದಾರೆ, ಭಾನುವಾರ ಹೊಲದ ಕೆಲಸ ಮಾಡುವವರಿದ್ದಾರೆ. ಶನಿವಾರ ಆರಂಭಿಸಿ ಮರು ಭಾನುವಾರ ಮುಗಿಸಿದರೆ ಒಂಬತ್ತು ದಿನ, ನಡುವೆ ಎರಡು ಭಾನುವಾರ. ಈ ವರ್ಷ ಹಾಗೆ ಇಟ್ಟೆವು. ಗಡುವು ಉದ್ದವಾದರೆ ಆಟವೂ ಉದ್ದವಾಗುತ್ತದೆ ಎಂಬ ಅಪಾಯವಿದೆ. ಅದಕ್ಕೆ ಐದು ನಿಮಿಷದೊಳಗೆ ಆಡಿ ಮುಗಿಯಬೇಕೆಂಬ ಮಿತಿ ಹಾಕಿದೆವು. ಆರು ನಿಮಿಷದ ಸೂಕ್ಷ್ಮ ಬೋಧನೆಯ ಪಾಠ ಮಾಡಿ ಅಭ್ಯಾಸವಿರುವವರಿಗೆ ಈ ಮಿತಿ ಏಕೆಂದು ವಿವರಿಸಬೇಕಾಗಲಿಲ್ಲ.

ಸಾಧನದ ಆಯ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಳೆದ ವರ್ಷ ಎಡವಿದ್ದು ಇಲ್ಲಿಯೂ ಹೌದು. ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್ ಮಕ್ಕಳಿಗೆ ಬಹಳ ಒಳ್ಳೆಯದು. ಬಣ್ಣದ ತುಂಡುಗಳನ್ನು ಜೋಡಿಸುತ್ತ ಹೋದರೆ ಬೆಕ್ಕು ಓಡುತ್ತದೆ, ಮಾತಾಡುತ್ತದೆ. ಆದರೆ ಅದಕ್ಕೆ ಕಂಪ್ಯೂಟರ್ ಬೇಕು, ಇಲ್ಲವೇ ಟ್ಯಾಬ್ ಆದರೂ ಬೇಕು. ಚಿಕ್ಕ ಮೊಬೈಲಿನ ಪರದೆಯಲ್ಲಿ ಆ ತುಂಡುಗಳನ್ನು ಎಳೆಯುವುದು ಬೆರಳಿಗೆ ಶಿಕ್ಷೆ. ನಮ್ಮವರಲ್ಲಿ ಬಹುಪಾಲು ಜನರ ಬಳಿ ಇರುವುದು ಮೊಬೈಲ್ ಮಾತ್ರ. ಟ್ವೈನ್ ಎಂಬ ಇನ್ನೊಂದು ಉಚಿತ ಸಾಧನವಿದೆ, 2009ರಿಂದ ಬಳಕೆಯಲ್ಲಿದೆ. ಅದರಲ್ಲಿ ಚಿತ್ರ ಬೇಕೆಂದಿಲ್ಲ, ಬರವಣಿಗೆಯೇ ಆಟ. ಒಂದು ಪದವನ್ನು ಜೋಡಿ ಚೌಕ ಆವರಣದೊಳಗೆ ಬರೆದರೆ ಅದು ಮುಂದಿನ ಪುಟಕ್ಕೆ ಬಾಗಿಲಾಗುತ್ತದೆ; ಆಡುವವರು ಯಾವ ಬಾಗಿಲು ತೆರೆಯುತ್ತಾರೋ ಕಥೆ ಆ ಕಡೆಗೆ ಸಾಗುತ್ತದೆ. ಮುಗಿದ ಆಟ ಒಂದೇ ಎಚ್‌ಟಿಎಂಎಲ್ ಕಡತವಾಗಿ ಕೈಗೆ ಬರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಬಹುದು, ಯಾವ ಮೊಬೈಲಿನ ಬ್ರೌಸರಿನಲ್ಲೂ ತೆರೆಯಬಹುದು, ಕನ್ನಡ ಅಕ್ಷರ ಒಡೆಯುವುದಿಲ್ಲ. ಟೊಮೆಟೊ ಆಟ ಟ್ವೈನ್‌ನದೇ. ಚಿತ್ರವಿಲ್ಲ ಎಂದು ನಾನು ಅಂಕ ಕಳೆದದ್ದು ಎಷ್ಟು ಅಸಂಬದ್ಧ ಎಂದು ಈಗ ನಾಚಿಕೆಯಾಗುತ್ತದೆ.

ಟ್ವೈನ್ ಬಳಸುವವರಿಗೆ ಒಂದು ಎಚ್ಚರಿಕೆ. ಆನ್‌ಲೈನಿನಲ್ಲಿ ಕೆಲಸ ಮಾಡಿದರೂ ಕಥೆ ಉಳಿಯುವುದು ಆ ಯಂತ್ರದ ಬ್ರೌಸರಿನೊಳಗೆ ಮಾತ್ರ. ನಮ್ಮ ಲ್ಯಾಬಿನ ಕಂಪ್ಯೂಟರುಗಳನ್ನು ಶನಿವಾರ ಸಂಜೆ ಶುಚಿಗೊಳಿಸುವ ಪದ್ಧತಿ. ಬ್ರೌಸರಿನ ಮಾಹಿತಿ ಅಳಿಸಿದಾಗ ಇಬ್ಬರ ಅರ್ಧ ಮುಗಿದ ಆಟಗಳೂ ಹೋದವು. ಒಬ್ಬ ಮತ್ತೆ ಮಾಡಿದ, ಇನ್ನೊಬ್ಬ ಕೈಬಿಟ್ಟ. ಪ್ರತಿದಿನ ಏಳುವ ಮುನ್ನ ಕಡತವನ್ನು ಇಳಿಸಿ ತನಗೆ ತಾನೇ ಮೇಲ್ ಮಾಡಿಕೊಳ್ಳಬೇಕೆಂದು ಮೊದಲ ದಿನವೇ ಹೇಳಬೇಕಿತ್ತು.

ಇನ್ನು ಆಡುವ ವಾರ. ಸೂಕ್ಷ್ಮ ಬೋಧನೆಯ ಚಕ್ರ ನಮಗೆಲ್ಲ ಬಾಯಿಪಾಠ. ನಮ್ಮ ದೇಶದಲ್ಲಿ ರೂಢಿಗೆ ಬಂದ ಎನ್‌ಸಿಇಆರ್‌ಟಿ ಮಾದರಿಯಲ್ಲಿ ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6, ಒಟ್ಟು 36. ಎಲ್ಲಕ್ಕಿಂತ ಹೆಚ್ಚು ಸಮಯ ಮರುಯೋಜನೆಗೆ. ಇದನ್ನು ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆಯುವ ನಾವೇ ಸ್ಪರ್ಧೆ ಇಟ್ಟಾಗ ಮೊದಲ ಆರು ನಿಮಿಷಕ್ಕೆ ಅಂಕ ಹಾಕಿ ಗಂಟೆ ಬಾರಿಸುತ್ತೇವೆ. ಆಟ ಮಾಡಿದವರು ಅದನ್ನು ತಿದ್ದಿ ಮತ್ತೆ ತೋರಿಸುವ ಅವಕಾಶವೇ ಇರುವುದಿಲ್ಲ. ಈ ವರ್ಷ ಒಂಬತ್ತು ದಿನ ತಯಾರಿ, ಒಂದು ವಾರ ಪರಸ್ಪರ ಆಟ, ಮತ್ತೆ ಒಂಬತ್ತು ದಿನ ತಿದ್ದುಪಡಿ, ಕೊನೆಗೆ ಎರಡನೆಯ ಆವೃತ್ತಿ ಎಂದು ಹಂಚಿಕೊಂಡೆವು. ಪ್ರತಿಯೊಬ್ಬರಿಗೂ ಚೀಟಿ ಎತ್ತಿ ನಾಲ್ಕು ಆಟಗಳನ್ನು ಕೊಟ್ಟೆವು. ನಾಲ್ಕನ್ನೂ ಆಡಿ ಬರೆದವರ ಎರಡನೆಯ ಆವೃತ್ತಿಯನ್ನು ಮಾತ್ರ ಸ್ವೀಕರಿಸುವುದು, ಇದೊಂದೇ ಕಟ್ಟುನಿಟ್ಟಿನ ನಿಯಮ.

ಬರೆಯುವುದು ಏನನ್ನು? ಇಲ್ಲಿ ನಮ್ಮ ಪಾಠ ವೀಕ್ಷಣಾ ಪುಸ್ತಕದ ರೋಗ ಕಾಣಿಸಿಕೊಂಡಿತು. ಮೊದಲ ದಿನ ಬಂದ ಟಿಪ್ಪಣಿಗಳು: "ಆಟ ಚೆನ್ನಾಗಿದೆ." "ವಿಷಯ ನಿರೂಪಣೆ ಉತ್ತಮ." "ಇನ್ನೂ ಆಕರ್ಷಕವಾಗಿ ಮಾಡಬಹುದಿತ್ತು." ಬೋಧನಾ ಅಭ್ಯಾಸದಲ್ಲಿ ಸಹಪಾಠಿಯ ಪಾಠಕ್ಕೆ ಹಿಂದಿನ ಬೆಂಚಿನಲ್ಲಿ ಕೂತು ಬರೆಯುವ ಸಾಲುಗಳೇ. ಸಹಿ ಮಾಡುವಾಗ ನಾವೂ ಅವನ್ನು ಓದುವುದಿಲ್ಲ ಎಂಬುದು ಅವರಿಗೆ ಗೊತ್ತು. ಅವನ್ನೆಲ್ಲ ಹಿಂದಿರುಗಿಸಿ ಮೂರೇ ಪ್ರಶ್ನೆ ಕೊಟ್ಟೆವು. ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಯಾವ ಕ್ಷಣವನ್ನು ಇನ್ನೊಮ್ಮೆ ಆಡಬೇಕೆನಿಸಿತು? ನಿಮ್ಮದೇ ಆಟವಾಗಿದ್ದರೆ ಮೊದಲು ಬದಲಿಸುತ್ತಿದ್ದದ್ದು ಏನು? ಆಮೇಲೆ ಬಂದ ಟಿಪ್ಪಣಿಗಳ ಧಾಟಿಯೇ ಬೇರೆ. ಭಿನ್ನರಾಶಿಯ ಆಟಕ್ಕೆ ಒಬ್ಬ ಬರೆದದ್ದು: "ತಪ್ಪು ಉತ್ತರ ಒತ್ತಿದರೆ ರೊಟ್ಟಿ ಸುಟ್ಟುಹೋಗುತ್ತದೆ. ಅದನ್ನು ನೋಡಲೆಂದೇ ಮೂರು ಸಲ ತಪ್ಪು ಒತ್ತಿದೆ. ಮಕ್ಕಳೂ ಹಾಗೇ ಮಾಡುತ್ತಾರೆ, ನೋಡಿಕೊಳ್ಳಿ." ಅಂಕಪಟ್ಟಿ ಹಿಡಿದು ಕೂತ ತೀರ್ಪುಗಾರರಿಗೆ ಇದು ಹೊಳೆಯುವ ಮಾತಲ್ಲ.

ಬಹುಮಾನವಿಲ್ಲದಿದ್ದರೆ ಯಾರು ಬರುತ್ತಾರೆ ಎಂದು ಸಹೋದ್ಯೋಗಿಗಳು ಕೇಳಿದರು. ಪ್ರತಿಭಾ ಕಾರಂಜಿಯ ಉದಾಹರಣೆಯನ್ನೂ ಕೊಟ್ಟರು. ಸ್ಥಾನ ಸಿಗುವುದೆಂದೇ ಮಕ್ಕಳು ತಿಂಗಳುಗಟ್ಟಲೆ ತಯಾರಾಗುವುದಿಲ್ಲವೇ ಎಂದರು. ಮಾತಿನಲ್ಲಿ ನಿಜವಿದೆ. ಈ ಸಲ ಬಂದದ್ದು ಹದಿನಾರು ಆಟ, ಕಳೆದ ಸಲಕ್ಕಿಂತ ಐದು ಕಡಿಮೆ. ಅವುಗಳಲ್ಲಿ ಹನ್ನೊಂದು ಎರಡನೆಯ ಆವೃತ್ತಿಯವರೆಗೆ ಬಂದವು. ಹೋದ ವರ್ಷದ ಇಪ್ಪತ್ತೊಂದರಲ್ಲಿ ಬಹುಮಾನ ಪಡೆದವೂ ಸೇರಿ ಒಂದನ್ನೂ ಯಾರೂ ಮತ್ತೆ ಮುಟ್ಟಲಿಲ್ಲ. ಭಾಗವಹಿಸಿದವರ ಸಂಖ್ಯೆ ಬೇಕಾದರೆ ಬಹುಮಾನ ಇಡಿ. ನನಗೆ ಆ ಹನ್ನೊಂದು ಸಾಕು. ಆಂತರಿಕ ಅಂಕಕ್ಕೆ ಸೇರಿಸೋಣ ಎಂಬ ಸಲಹೆಯೂ ಬಂತು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಅಂಕ ಬಂದ ಕೂಡಲೇ ಗೆಳೆಯರು ಗೆಳೆಯರ ಆಟವನ್ನು ಹೊಗಳಲು ಶುರುಮಾಡುತ್ತಾರೆ. ಸಿಕ್ಕಿಹಾಕಿಕೊಂಡ ಜಾಗವನ್ನು ಯಾರೂ ಹೇಳುವುದಿಲ್ಲ.

ಬೋಧನಾ ಅಭ್ಯಾಸಕ್ಕೆ ಹೋದ ಶಾಲೆಯಲ್ಲಿ ಇದನ್ನು ಮಾಡಬೇಕೆನ್ನುವ ಪ್ರಶಿಕ್ಷಣಾರ್ಥಿಗಳಿಗೆ ಒಂದೆರಡು ಮಾತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಮಾಧ್ಯಮಿಕ ಹಂತದಿಂದ ಕೋಡಿಂಗ್ ಚಟುವಟಿಕೆಗಳನ್ನು ತರುವುದಾಗಿ ಹೇಳಿದೆ. ಆದ್ದರಿಂದ ಮುಖ್ಯೋಪಾಧ್ಯಾಯರ ಒಪ್ಪಿಗೆ ಕಷ್ಟವಾಗದು. ಕಷ್ಟವಾಗುವುದು ಬೇರೆ ಕಡೆ. ಮಕ್ಕಳ ಹೆಸರು, ಫೋಟೋ, ಅಪ್ಪನ ಮೊಬೈಲ್ ಸಂಖ್ಯೆ ಇವನ್ನು ಯಾವ ಗುಂಪಿನಲ್ಲೂ ಹಾಕಬೇಡಿ, ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಲೂ ಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸುತ್ತದೆ, ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಪಕ್ಕದ ಊರಿನ ಶಾಲೆಯಲ್ಲಿರುವ ನಿಮ್ಮ ಸಹಪಾಠಿಗೆ ಕೊಟ್ಟರೂ ಆಯಿತು. ಆ ಶಾಲೆಯ ಮಕ್ಕಳು ಆಡಿ ಬರೆದ ಚೀಟಿಗಳನ್ನು ಹಿಂದಕ್ಕೆ ತಂದುಕೊಡಿ. ವಸ್ತು ಹುಡುಕಲು ದೂರ ಹೋಗಬೇಕಿಲ್ಲ. ಚೌಕಾಬಾರ, ಅಳಗುಳಿಮಣೆ, ಹುಲಿ‌-ಕುರಿ ಆಟ ಇವುಗಳಲ್ಲಿ ಒಂದರ ಒಂದೇ ನಿಯಮವನ್ನು ಬದಲಿಸಿ ಹೊಸ ಆಟ ಮಾಡಿ ಎಂದರೆ ಆರನೆಯ ತರಗತಿಯ ಮಕ್ಕಳೂ ಅರ್ಧ ಗಂಟೆ ವಾದ ಮಾಡುತ್ತಾರೆ. ಆ ವಾದ ಮುಗಿದ ಮೇಲೆ ಕಂಪ್ಯೂಟರಿನ ಹತ್ತಿರ ಹೋದರೆ ಸಾಕು.

ಟೊಮೆಟೊ ಆಟದವಳು ಈಗ ಎರಡನೆಯ ವರ್ಷದಲ್ಲಿದ್ದಾಳೆ. ಈ ಸಲ ಅದೇ ಆಟವನ್ನು ಮತ್ತೆ ತಂದಳು. ತರಬಾರದೆಂಬ ನಿಯಮ ನಾವು ಮಾಡಿರಲಿಲ್ಲ. ಮುಚ್ಚಿಹೋಗಿದ್ದ ದಾರಿ ತೆರೆದಿತ್ತು. ಆಡಿದ ನಾಲ್ವರಲ್ಲಿ ಒಬ್ಬ, ತುಂಬಿದ ಕ್ರೇಟ್ ವಾಪಸ್ ತಂದವನು ಆಮೇಲೆ ಏನು ಮಾಡುತ್ತಾನೆ, ಆಟ ಅಲ್ಲಿಗೇ ಏಕೆ ನಿಂತಿತು ಎಂದು ಬರೆದಿದ್ದ. ಅವಳು ರಸ್ತೆ ಬದಿಗೆ ಸುರಿಯುವ ಪುಟವೊಂದನ್ನು ಸೇರಿಸಿದಳು. ಕೊನೆಗೆ ಮನೆಯಲ್ಲಿ ಅಮ್ಮನ ಕೈಗೆ ಮೊಬೈಲ್ ಕೊಟ್ಟು ಆಡಿಸಿದಳಂತೆ. ಅಮ್ಮ ಎರಡು ಸಲ ಆಡಿ, ಟೆಂಪೋ ಬಾಡಿಗೆ ತೀರಾ ಕಡಿಮೆ ಹಾಕಿದ್ದೀಯ, ಆ ದುಡ್ಡಿಗೆ ಯಾರೂ ಬರುವುದಿಲ್ಲ ಎಂದರಂತೆ. ಕೊನೆಯ ದಿನ ರಾತ್ರಿ ಹತ್ತೂವರೆಗೆ ಬಂದ ಕಡತದಲ್ಲಿ ಬಾಡಿಗೆಯ ಅಂಕಿ ತಿದ್ದಿತ್ತು.