ತಾಯಿಗೆ ಮರಳದ ಮರಿಗಳು

ಒಂದು ಪ್ರಯಾಣದ ಸಂದರ್ಭ. ಪ್ರವಾದಿವರ್ಯರು(ಸ) ಸ್ವಲ್ಪ ಹೊತ್ತು ಅತ್ತ ಹೋಗಿದ್ದಾಗ ಸಂಗಾತಿಗಳಿಗೆ ಎರಡು ಮರಿಗಳೊಂದಿಗಿದ್ದ ಹಕ್ಕಿಯೊಂದು ಕಾಣಿಸುತ್ತದೆ. ಅವರು ಮರಿಗಳನ್ನು ಎತ್ತಿಕೊಳ್ಳುತ್ತಾರೆ. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಅಲ್ಲೇ ಸುತ್ತತೊಡಗುತ್ತದೆ. ಮರಳಿ ಬಂದ ಪ್ರವಾದಿವರ್ಯರು(ಸ) ಇದನ್ನು ಕಂಡು, ಮರಿಗಳನ್ನು ಕಸಿದು ಈ ಹಕ್ಕಿಯನ್ನು ಸಂಕಟಕ್ಕೀಡು ಮಾಡಿದವರಾರೆಂದು ವಿಚಾರಿಸುತ್ತಾರೆ. ಅವುಗಳನ್ನು ತಾಯಿಗೆ ಮರಳಿಸುವಂತೆ ಆಜ್ಞಾಪಿಸುತ್ತಾರೆ. ಅಬ್ದುಲ್ಲಾಹ್ ಇಬ್ನ್ ಮಸ್‌ಊದ್(ರ) ವರದಿ ಮಾಡಿರುವ, ಅಬೂದಾವೂದ್ ಹದೀಸ್ ಸಂಗ್ರಹದಲ್ಲಿರುವ ಈ ಘಟನೆಯನ್ನು ನಾವು ಮದ್ರಸಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅದರ ಒಂದು ಅಂಶವನ್ನು ಗಮನಿಸದೆ ದಾಟಿಬಿಡುತ್ತೇವೆ. ಆ ಮರಿಗಳನ್ನು ಯಾರೂ ಹೊಡೆದಿರಲಿಲ್ಲ, ಹಸಿವಿನಿಂದ ನರಳಿಸಿರಲಿಲ್ಲ. ಆದರೂ, ಇಟ್ಟುಕೊಂಡು ಚೆನ್ನಾಗಿ ಸಾಕಿರಿ ಎಂಬ ಸಲಹೆ ಅಲ್ಲಿ ಬರಲಿಲ್ಲ.

ಈ ಹಕ್ಕಿಯನ್ನು ನಮಗೆ ನೆನಪಿಸಿದ್ದು ದೂರದ ಅಮೆರಿಕದ ಒಂದು ಸಾವು. 2023ರ ಆಗಸ್ಟ್ 18ರಂದು ಮಯಾಮಿ ಸೀಕ್ವೇರಿಯಂ ಎಂಬ ಜಲಚರ ಉದ್ಯಾನದಲ್ಲಿ ಲೊಲಿಟಾ ಎಂಬ ಓರ್ಕಾ ತಿಮಿಂಗಿಲ ಕೊನೆಯುಸಿರೆಳೆಯಿತು. ಅದು ಅಲ್ಲಿಗೆ ಬಂದದ್ದು 1970ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿಯೊಳಗೆ, ದೋಣಿಗಳು, ವಿಮಾನ ಮತ್ತು ಸ್ಫೋಟಕಗಳ ನೆರವಿನಿಂದ ಎಂಬತ್ತರಷ್ಟು ಓರ್ಕಾಗಳನ್ನು ಅಟ್ಟಿ ತರಲಾಯಿತು. ವ್ಯಾಪಾರಿಗಳಿಗೆ ಬೇಕಿದ್ದದ್ದು ಮರಿಗಳು. ಬಲೆ ಹಾಕಿ ತಾಯಂದಿರಿಂದ ಮರಿಗಳನ್ನು ಬೇರ್ಪಡಿಸಿದರು. ಏಳನ್ನು ಸಾಗಿಸಿ ಮಾರಿದರು. ನಾಲ್ಕು ಮರಿಗಳು ಮತ್ತು ಒಂದು ದೊಡ್ಡ ಓರ್ಕಾ ಬಲೆಗೆ ಸಿಕ್ಕಿ ಮುಳುಗಿ ಸತ್ತವು. ಆ ಶವಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ, ಲಂಗರು ಕಟ್ಟಿ ಕಡಲ ತಳಕ್ಕಿಳಿಸಲಾಯಿತು, ಯಾರಿಗೂ ತಿಳಿಯದಿರಲೆಂದು. ಕೆಲವೇ ತಿಂಗಳಲ್ಲಿ ಅವುಗಳಲ್ಲಿ ಕೆಲವು ದಡಕ್ಕೆ ಬಂದು ಬಿದ್ದವು. ಮಾಡಿದ್ದು ತಪ್ಪಲ್ಲವೆಂದು ಅವರು ನಂಬಿದ್ದರೆ ಆ ಕಲ್ಲುಗಳ ಅಗತ್ಯವೇಕೆ ಬಿತ್ತು?

ಲೊಲಿಟಾ ಆಗ ನಾಲ್ಕು ವರ್ಷದ ಆಸುಪಾಸಿನ ಮರಿ. ಅದಕ್ಕೆ ದೊರೆತ ತೊಟ್ಟಿಯ ಉದ್ದ ಸುಮಾರು 80 ಅಡಿ, ಅತಿ ಆಳದ ಕಡೆ 20 ಅಡಿ. ಬೆಳೆದ ಲೊಲಿಟಾದ ದೇಹದ ಉದ್ದವೇ ಸುಮಾರು 20 ಅಡಿ! ಜೊತೆಗಿದ್ದ ಹ್ಯೂಗೋ ಎಂಬ ಗಂಡು ಓರ್ಕಾ ಪದೇ ಪದೇ ತೊಟ್ಟಿಯ ಗೋಡೆಗೆ ತಲೆ ಅಪ್ಪಳಿಸಿಕೊಳ್ಳುತ್ತಿತ್ತು; 1980ರಲ್ಲಿ ಮೆದುಳಿನ ರಕ್ತನಾಳ ಒಡೆದು ಅದು ಸತ್ತಿತು. ಆ ಬಳಿಕ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಲೊಲಿಟಾ ತನ್ನ ಜಾತಿಯ ಇನ್ನೊಂದು ಜೀವವನ್ನು ಕಾಣಲಿಲ್ಲ. ಅದನ್ನು ಹುಟ್ಟಿದ ಕಡಲಿಗೆ ಒಯ್ಯುವ ಯೋಜನೆಯನ್ನು 2023ರ ಮಾರ್ಚ್‌ನಲ್ಲಿ ಪ್ರಕಟಿಸಲಾಯಿತು. ಐದು ತಿಂಗಳಲ್ಲಿ ಅದು ಸತ್ತುಹೋಯಿತು. ಓರ್ಕಾಗಳನ್ನು ತಮ್ಮ ಬಂಧುಗಳೆಂದೇ ಭಾವಿಸುವ ಲುಮ್ಮಿ ಬುಡಕಟ್ಟಿನವರು ಅದರ ಬೂದಿಯನ್ನಷ್ಟೇ ಆ ಕಡಲಿಗೆ ಒಪ್ಪಿಸಿದರು.

ಈ ಜೀವಿಗೆ ನಾವಿಟ್ಟ ಹೆಸರು ಕೊಲೆಗಾರ ತಿಮಿಂಗಿಲ. ಅದು ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಸದಸ್ಯ. ಬೇಟೆಯಾಡಿ ಬದುಕುತ್ತದೆ ಎಂಬುದು ನಿಜ. ಆದರೆ ಮುಕ್ತ ಕಡಲಿನಲ್ಲಿ ಓರ್ಕಾ ಮನುಷ್ಯನನ್ನು ಕೊಂದ ದಾಖಲೆಯಿಲ್ಲ. ಪೆನ್ ಕೋವ್‌ನಲ್ಲಿ ಮರಿಗಳನ್ನು ಕಳೆದುಕೊಂಡ ಸಮುದಾಯದಲ್ಲಿ ಗಂಡು ಮಕ್ಕಳೂ ಹೆಣ್ಣು ಮಕ್ಕಳೂ ಜೀವನಪರ್ಯಂತ ತಾಯಿಯ ಜೊತೆಯಲ್ಲೇ ಇರುತ್ತಾರೆ. ಪ್ರತಿ ಗುಂಪಿಗೂ ತನ್ನದೇ ಆದ ಕರೆಗಳಿವೆ, ಮರಿಗಳು ಅವನ್ನು ಹಿರಿಯರಿಂದ ಕಲಿಯುತ್ತವೆ. 2018ರಲ್ಲಿ ಇದೇ ಸಮುದಾಯದ ತಾಯಿಯೊಂದು ಹುಟ್ಟಿದೊಡನೆ ಸತ್ತ ತನ್ನ ಮರಿಯನ್ನು ನೀರಿನ ಮೇಲೆ ಎತ್ತಿ ಹಿಡಿದು 17 ದಿನ ಈಜಿತು. ಭೂಮಿಯ ಮೇಲಿನ ಪ್ರಾಣಿಗಳೂ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂದು ಕುರ್‌ಆನ್‌ನ ಅಲ್ ಅನ್‌ಆಮ್ ಅಧ್ಯಾಯ ತಿಳಿಸುವುದನ್ನು ಓದುವಾಗ ಈ ತಾಯಿ ನಮ್ಮ ಕಣ್ಮುಂದೆ ಬಾರದೇ?

ವಾಷಿಂಗ್ಟನ್‌ನಲ್ಲಿ ಜನರ ಪ್ರತಿರೋಧ ಮತ್ತು ನ್ಯಾಯಾಲಯದ ಮೊಕದ್ದಮೆಯಿಂದಾಗಿ 1976ರಲ್ಲಿ ಈ ಹಿಡಿಯಾಟ ನಿಂತಿತು. ಹಿಡಿಯುವವರು ಐಸ್‌ಲ್ಯಾಂಡಿನತ್ತ ತಿರುಗಿದರು. 1983ರಲ್ಲಿ ಅಲ್ಲಿ ಸೆರೆಯಾದ ಎರಡು ವರ್ಷದ ಮರಿಯೇ ಟಿಲಿಕಮ್. ಕೆನಡಾದ ಉದ್ಯಾನವೊಂದರಲ್ಲಿ ಅದನ್ನು ರಾತ್ರಿಯಿಡೀ ಇಕ್ಕಟ್ಟಾದ ಕತ್ತಲ ಕೋಣೆಯಲ್ಲಿ ಕೂಡಿಡುತ್ತಿದ್ದರು. 1991ರಲ್ಲಿ ಅಲ್ಲಿ ಕೊಳಕ್ಕೆ ಜಾರಿ ಬಿದ್ದ ತರಬೇತುದಾರಳೊಬ್ಬಳು ಓರ್ಕಾಗಳ ನಡುವೆ ಪ್ರಾಣ ಕಳೆದುಕೊಂಡಳು. ಉದ್ಯಾನ ಮುಚ್ಚಿತು, ಟಿಲಿಕಮ್ ಮಾತ್ರ ಫ್ಲೋರಿಡಾದ ಸೀವರ್ಲ್ಡ್‌ಗೆ ಮಾರಾಟವಾಯಿತು. 1999ರಲ್ಲಿ ಇನ್ನೊಂದು ಸಾವು, 2010ರಲ್ಲಿ ಅನುಭವಿ ತರಬೇತುದಾರಳೊಬ್ಬಳ ಸಾವು. ಹೀಗಿದ್ದೂ 2011ರಲ್ಲಿ ಅದನ್ನು ಮತ್ತೆ ಪ್ರದರ್ಶನಕ್ಕಿಳಿಸಲಾಯಿತು. ಆ ಬಡ ಹೆಣ್ಣುಮಕ್ಕಳ ಜೀವಕ್ಕೂ ಮೂಕ ಪ್ರಾಣಿಯ ಜೀವಕ್ಕೂ ಬೆಲೆ ಕಟ್ಟಿದ್ದು ಒಂದೇ ತಕ್ಕಡಿ, ಅದು ಗಲ್ಲಾಪೆಟ್ಟಿಗೆಯ ತಕ್ಕಡಿ.

ಸೆರೆಯಲ್ಲಿಟ್ಟರೇನು, ಸಮಯಕ್ಕೆ ಮೀನು ಕೊಡುತ್ತಾರೆ, ವೈದ್ಯರಿದ್ದಾರೆ ಎನ್ನುತ್ತಾರೆ. ನಮ್ಮವರಲ್ಲೇ ಕೆಲವರು ಇದಕ್ಕೆ ಧಾರ್ಮಿಕ ಆಧಾರವನ್ನೂ ಒದಗಿಸುತ್ತಾರೆ. ಬೆಕ್ಕನ್ನು ಕಟ್ಟಿಹಾಕಿ ಸಾಯಿಸಿದ ಸ್ತ್ರೀ ನರಕಕ್ಕೆ ಅರ್ಹಳಾದದ್ದು ಉಣಿಸದೆ ಇದ್ದುದಕ್ಕಲ್ಲವೇ, ಉಣಿಸುವುದಾದರೆ ಕೂಡಿಡಬಹುದಲ್ಲವೇ ಎಂಬುದು ಅವರ ಪ್ರಶ್ನೆ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್‌ನ ಬಳಿ ಹಕ್ಕಿಯೊಂದಿತ್ತು, ಪ್ರವಾದಿವರ್ಯರು(ಸ) ಆಕ್ಷೇಪಿಸಲಿಲ್ಲ ಎಂದೂ ನೆನಪಿಸುತ್ತಾರೆ. ಮನೆಯಲ್ಲಿ ಹಕ್ಕಿ ಸಾಕುವುದು ಹರಾಮ್ ಎಂದು ಸಾರುವ ಯೋಗ್ಯತೆ ನಮಗಿಲ್ಲ, ಆ ಉದ್ದೇಶವೂ ಇಲ್ಲ. ಆದರೆ ಅದನ್ನು ಅನುಮತಿಸಿದ ವಿದ್ವಾಂಸರು ಪ್ರಾಣಿಗೆ ಹಿಂಸೆಯಾಗಬಾರದು ಎಂಬ ಶರತ್ತನ್ನೂ ಜೊತೆಯಲ್ಲೇ ಇಟ್ಟಿದ್ದಾರೆ. ಆ ಶರತ್ತು ಇಲ್ಲಿ ಪಾಲನೆಯಾಗಿದೆಯೇ? ಸೆರೆಯಲ್ಲಿರುವ 29 ಓರ್ಕಾಗಳ ಹಲ್ಲುಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲ್ಲು ಹಾಳಾಗದ ಒಂದೇ ಒಂದು ಓರ್ಕಾ ಸಿಗಲಿಲ್ಲ. ಅವು ಕಾಂಕ್ರೀಟ್ ಗೋಡೆಯನ್ನೂ ಕಬ್ಬಿಣದ ಬಾಗಿಲನ್ನೂ ಕಚ್ಚುತ್ತವೆ. ಸೆರೆಯಲ್ಲಿ ಬೆಳೆದ ಗಂಡು ಓರ್ಕಾಗಳ ನೆಟ್ಟಗಿರಬೇಕಾದ ಬೆನ್ನಿನ ರೆಕ್ಕೆ ಒಂದು ಕಡೆಗೆ ಬಾಗಿ ಬಿದ್ದಿರುತ್ತದೆ. ಹೊಟ್ಟೆಗೆ ಮೀನು ಬಿದ್ದಿದೆ, ನಿಜ.

ಸಮುದ್ರದ ಬೇಟೆ ನಮಗೆ ಅನುವದನೀಯವಾಗಿದೆ ಎಂಬ ವಾದವಂತೂ ಇಲ್ಲಿ ಸಲ್ಲದು. ಅಲ್ಲಾಹನು ಅದನ್ನು ಆಹಾರವಾಗಿ ಅನುಮತಿಸಿದ್ದಾನೆ. ಜೀವವಿರುವುದನ್ನು ಗುರಿಯಾಗಿ ನಿಲ್ಲಿಸಿ ಬಾಣ ಹೊಡೆಯುವ ಆಟವನ್ನು ನಿಷೇಧಿಸಿದ ಪ್ರವಾದಿವರ್ಯರ(ಸ) ಅನುಯಾಯಿಗಳು, ವಿನೋದಕ್ಕಾಗಿ ಜೀವವನ್ನು ಹಿಂಸಿಸಲು ಆಹಾರದ ಅನುಮತಿಯನ್ನು ತೋರಿಸುವುದು ನಾಚಿಕೆಗೇಡು.

ಒಂದು ಆಕ್ಷೇಪ ಮಾತ್ರ ತೂಕದ್ದು. ಈಗ ಕಡಲಿಗೆ ಬಿಟ್ಟರೆ ಅವು ಬದುಕಲಾರವು ಎಂಬುದು. ಸಿನಿಮಾದಿಂದ ಪ್ರಸಿದ್ಧವಾದ ಕೇಯ್ಕೊ ಎಂಬ ಓರ್ಕಾವನ್ನು 1998ರಲ್ಲಿ ಐಸ್‌ಲ್ಯಾಂಡಿಗೆ ಒಯ್ದು 2002ರಲ್ಲಿ ಬಿಡುಗಡೆ ಮಾಡಲಾಯಿತು. ಅದು ಮನುಷ್ಯರನ್ನೇ ಅರಸಿಕೊಂಡು ನಾರ್ವೆಯ ದಡಕ್ಕೆ ಬಂತು, 2003ರಲ್ಲಿ ಸತ್ತಿತು. ಆದ್ದರಿಂದಲೇ ಬಲ್ಲವರು ಕಡಲ ಕೊಲ್ಲಿಗಳಲ್ಲಿ ಬಲೆ ಕಟ್ಟಿದ ಆಶ್ರಯತಾಣಗಳನ್ನು ಕೇಳುತ್ತಿದ್ದಾರೆ. ಮರಳಿಸಲಾಗದಷ್ಟು ಕೆಡಿಸಿದ ಮೇಲೆ, ಆ ಕೇಡನ್ನೇ ಸೆರೆಯನ್ನು ಮುಂದುವರಿಸಲು ಸಾಕ್ಷ್ಯವಾಗಿ ಹಾಜರುಪಡಿಸುವುದು ಯಾವ ನ್ಯಾಯ? ಸೀವರ್ಲ್ಡ್ 2016ರಲ್ಲಿ ಓರ್ಕಾಗಳ ಸಂತಾನಾಭಿವೃದ್ಧಿಯನ್ನು ನಿಲ್ಲಿಸಿತು, ಕೆನಡಾ 2019ರಲ್ಲಿ ಕಾನೂನು ತಂದಿತು. ಫ್ರಾನ್ಸಿನ ಆಂಟಿಬ್ ಪಟ್ಟಣದ ಉದ್ಯಾನ 2025ರ ಜನವರಿಯಲ್ಲಿ ಮುಚ್ಚಿತು. ವಿಕಿ ಎಂಬ ತಾಯಿ, ಕೇಯ್ಜೊ ಎಂಬ ಮಗ ಪ್ರೇಕ್ಷಕರಿಲ್ಲದ ಅದೇ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಉಳಿದರು. ಚೀನಾದಲ್ಲಾದರೋ ಹೊಸ ತೊಟ್ಟಿಗಳು ತುಂಬುತ್ತಿವೆ.

ಇದೆಲ್ಲ ಯಾರದೋ ದೇಶದ ಮಾತು ಎಂದು ನಾವು ಪಕ್ಕಕ್ಕಿಡುವಂತಿಲ್ಲ. ನಮ್ಮ ದೇಶದಲ್ಲಿ 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಡಾಲ್ಫಿನ್ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ನೀಡಬಾರದೆಂದು ರಾಜ್ಯಗಳಿಗೆ ಸೂಚಿಸಿದೆ. ಇಲ್ಲಿ ಸಿಗದ ಈ ಆಟವನ್ನು ನಾವು ಕೊಲ್ಲಿ ರಾಷ್ಟ್ರಗಳಲ್ಲಿ ನೋಡುತ್ತೇವೆ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳ ದುಡಿಮೆ ಅಲ್ಲಿದೆ. ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಂಡವರು ದುಬೈಯ ಡಾಲ್ಫಿನ್ ಪ್ರದರ್ಶನಕ್ಕೂ ಅಬುಧಾಬಿಯ ಸೀವರ್ಲ್ಡ್‌ಗೂ ಕರೆದೊಯ್ಯುತ್ತಾರೆ. 2023ರಲ್ಲಿ ತೆರೆದ ಅಬುಧಾಬಿಯ ಉದ್ಯಾನದಲ್ಲಿ ಓರ್ಕಾ ಇಲ್ಲ. ಅದರ ಕುಟುಂಬದ ಚಿಕ್ಕ ಸದಸ್ಯರಾದ ಡಾಲ್ಫಿನ್‌ಗಳು ಇವೆ. ಮರುಭೂಮಿಯ ಬಿಸಿಲಿನಲ್ಲಿ ಬೆವರು ಸುರಿಸಿ ಗಳಿಸಿದ ಹಲಾಲ್ ಸಂಪಾದನೆಯ ಒಂದು ಪಾಲು ಆ ಟಿಕೆಟ್ ಕಿಂಡಿಯಲ್ಲಿ ಹೋಗುತ್ತದೆ. ಮರಿಗಳನ್ನು ಹಿಡಿದವರು ಹಿಡಿದದ್ದು ಕೊಳ್ಳುವವರಿದ್ದುದರಿಂದ, ಕೊಂಡವರು ಕೊಂಡದ್ದು ನೋಡಲು ನಾವಿರುವುದರಿಂದ. ಮರಿಗಳನ್ನು ಯಾರು ಎತ್ತಿಕೊಂಡರು ಎಂಬ ಆ ದಿನದ ವಿಚಾರಣೆ ನಮ್ಮ ಸಾಲಿನವರೆಗೂ ಬಂದರೆ, ಕೈಯಲ್ಲಿರುವ ಟಿಕೆಟನ್ನು ನಾವು ಎಲ್ಲಿ ಅಡಗಿಸುತ್ತೇವೆ?