‘ಸರ್ವರ್ ಇಲ್ಲ’ ಎಂಬ ಮಾತಿಗೆ ಮರುಮಾತು

ಪಡಿತರದಂಗಡಿಯ ಮುಂದೆ ಪಾಳಿ ಹಚ್ಚಿ ನಿಂತ ಹೆಣ್ಣುಮಗಳಿಗೂ, ಉತಾರ ಪಡೆಯಲು ಕೆಲಸ ಬಿಟ್ಟು ಬಂದ ರೈತನಿಗೂ ಇಂದು ದೊರೆಯುವ ಉತ್ತರ ಒಂದೇ: “ಸರ್ವರ್ ಇಲ್ಲರೀ, ನಾಳೆ ಬರ್ರಿ.” ಹಿಂದೆ “ಸಾಹೇಬರು ಇಲ್ಲ” ಎನ್ನುತ್ತಿದ್ದರು. ಸಾಹೇಬರು ಎಲ್ಲಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದಾದರೂ ಆಗ ಕೇಳಬಹುದಾಗಿತ್ತು. ಸರ್ವರ್ ಎಲ್ಲಿದೆ, ಅದು ನಿಜವಾಗಿಯೂ ಇಲ್ಲವೇ, ಅಥವಾ ಈ ಕೋಣೆಯ ತಂತಿಯೇ ಕಳಚಿದೆಯೇ ಎಂದು ಕೇಳುವವರಿಲ್ಲ. ಧೈರ್ಯವಿಲ್ಲವೆಂದಲ್ಲ, ಯಾವ ಪ್ರಶ್ನೆ ಕೇಳಬೇಕೆಂಬುದೇ ತಿಳಿಯದು. ತಿಳಿಯದವನನ್ನು ನಾಳೆ ಬಾ ಎಂದು ಕಳಿಸುವುದು ಬಲು ಸುಲಭ. ಕಳೆದುಹೋದ ಒಂದು ದಿನದ ಕೂಲಿ ಮಾತ್ರ ಯಾವ ಸರ್ವರಿನಿಂದಲೂ ಮರಳಿ ಬರುವುದಿಲ್ಲ.

ಇದು ಕಚೇರಿಗಳ ಮಾತಾಯಿತು. ಪೇಟೆಯ ಸ್ಥಿತಿಯೂ ಬೇರೆಯಲ್ಲ. ಬ್ಯಾಡಗಿಯ ಮೆಣಸಿನಕಾಯಿಗೆ ಇ-ಟೆಂಡರಿನ ಮೂಲಕ ದರ ಕಟ್ಟುತ್ತಾರೆ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಕಾಯಿಪಲ್ಲೆ ಮಾರುವವರೂ ಫೋನಿನಲ್ಲಿಯೇ ಹಣ ಪಡೆಯತೊಡಗಿದರು. 2017ರ ಜುಲೈ 1ರಿಂದ ಜಿ.ಎಸ್.ಟಿ. ಲೆಕ್ಕವೂ ತಂತಿಯ ಮೇಲೆಯೇ ಹೋಗುತ್ತದೆ. 2025ರ ಜುಲೈನಲ್ಲಿ ಬೆಂಗಳೂರಿನಿಂದ ಹಾವೇರಿಯವರೆಗೆ ಚಿಲ್ಲರೆ ವ್ಯಾಪಾರಸ್ಥರ ಕೈಗೆ ತೆರಿಗೆಯ ನೋಟೀಸುಗಳು ಬಂದುದು ಇದೇ ಯು.ಪಿ.ಐ. ಲೆಕ್ಕದ ಆಧಾರದಿಂದ. ತಂತಿಯ ಆ ತುದಿಯಲ್ಲಿ ಕುಳಿತವರಿಗೆ ನಮ್ಮ ಸಂಗತಿಯೆಲ್ಲ ಗೊತ್ತು. ಈ ತುದಿಯಲ್ಲಿರುವ ನಮಗೆ ತಂತಿಯ ಸಂಗತಿಯೇ ಗೊತ್ತಿಲ್ಲ. ಈ ಅಸಮಾನತೆಯೂ ಅಸಮಾನತೆಯೇ. ಭೂಮಿಯ ಹಂಚಿಕೆಯ ಬಗ್ಗೆ, ಬಡ್ಡಿಯ ಬಗ್ಗೆ ಮಾತಾಡುವ ನಾವು ವಿದ್ಯೆಯ ಹಂಚಿಕೆಯ ಬಗ್ಗೆಯೂ ಮಾತಾಡಬೇಕಾಗಿದೆ.

ಸವಣೂರು ತಾಲೂಕಿನ ಹತ್ತಿಮತ್ತೂರಿನ ಒಬ್ಬ ತರುಣನನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ತಂದೆ ಅರಳೆ ಗಿರಣಿಯ ಕೆಲಸಗಾರ; ಮಗ ಪಿ.ಯು.ಸಿ. ಮುಗಿಸಿದ್ದಾನೆ. ಕಂಪ್ಯೂಟರ್ ನೆಟ್‌ವರ್ಕ್ ಕಲಿತರೆ ಕೆಲಸವುಂಟೆಂದು ಕೇಳಿದ್ದಾನೆ. ಈ ವಿದ್ಯೆಗೆ ಮೊದಲ ಮೆಟ್ಟಿಲಿನ ಪರೀಕ್ಷೆಗಳಿವೆ: ಸಿಸ್ಕೊ ಕಂಪನಿಯ ಸಿ.ಸಿ.ಎಸ್.ಟಿ., ಅದರ ಮೇಲಿನ ಸಿ.ಸಿ.ಎನ್.ಎ.; ಕಾಂಪ್‌ಟಿಯಾ ಸಂಸ್ಥೆಯ ನೆಟ್‌ವರ್ಕ್ ಪ್ಲಸ್. ಇವುಗಳಲ್ಲಿರುವ ವಿದ್ಯೆ ಎಂಥದು? ದೊಡ್ಡ ದೊಡ್ಡ ಹೆಸರು ಕೇಳಿ ನಮ್ಮ ಮಂದಿ ಹಿಂಜರಿಯಬಾರದೆಂದು ಅದನ್ನು ಇಲ್ಲಿ ತುಸು ಬಿಡಿಸಿ ಹೇಳುತ್ತೇವೆ.

ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸವುಂಟು, ಉದಾಹರಣೆಗೆ 192.168.1.10. ನಾಲ್ಕು ಭಾಗ, ಒಂದೊಂದು ಭಾಗದಲ್ಲಿ ಸೊನ್ನೆಯಿಂದ 255ರವರೆಗಿನ ಒಂದು ಸಂಖ್ಯೆ. 255 ಏಕೆ? ಕಿರಾಣಿ ವ್ಯಾಪಾರಸ್ಥರು ಇದನ್ನು ಥಟ್ಟನೆ ಹಿಡಿಯುವರು. 1, 2, 4, 8, 16, 32, 64, 128 ಹೀಗೆ ಎಂಟು ತೂಕದ ಕಲ್ಲುಗಳಿವೆಯೆನ್ನಿ. ಒಂದೊಂದನ್ನೂ ತಕ್ಕಡಿಗೆ ಇಡಬಹುದು, ಇಲ್ಲವೆ ಬಿಡಬಹುದು. ಇಷ್ಟರಿಂದಲೇ 255ರವರೆಗಿನ ಯಾವ ತೂಕವನ್ನಾದರೂ ತೂಗಬಹುದು. 128 ಮತ್ತು 64 ಇಟ್ಟರೆ 192. 128, 32, 8 ಇಟ್ಟರೆ 168. 8 ಮತ್ತು 2 ಇಟ್ಟರೆ 10. ಯಂತ್ರಕ್ಕೆ ಗೊತ್ತಿರುವುದು ಇಡುವುದು ಮತ್ತು ಬಿಡುವುದು, ಎರಡೇ. ಪಟ್ಟಣದ ತರಬೇತಿ ಅಂಗಡಿಯಲ್ಲಿ ವಿದ್ಯಾರ್ಥಿಯನ್ನು ಬೆದರಿಸುವ ‘ಬೈನರಿ’ ಎಂಬುದು ಇಷ್ಟೇ.

ಇನ್ನು ಕಾಗದ ಮುಟ್ಟಿಸುವ ರೀತಿ. 1972ರ ಆಗಸ್ಟ್ 15ರಂದು ನಮ್ಮ ಅಂಚೆಗೆ ಆರಂಕಿಯ ಪಿನ್ ಬಂತು. ಹಾವೇರಿಯದು 581110. ದಿಲ್ಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಹಾವೇರಿಯ ಓಣಿಗಳು ಗೊತ್ತಿರಬೇಕಾಗಿಲ್ಲ. ಮೊದಲ ಅಂಕಿಗಳನ್ನು ನೋಡಿ ದಕ್ಷಿಣದ ಚೀಲಕ್ಕೆ ಹಾಕಿದರೆ ಅವನ ಕೆಲಸ ಮುಗಿಯಿತು. ಕೊನೆಯ ಅಂಕಿಗಳನ್ನು ಇಲ್ಲಿಯವರು ನೋಡಿಕೊಳ್ಳುವರು. ರೂಟರ್ ಎಂಬ ಪೆಟ್ಟಿಗೆ ಮಾಡುವುದೂ ಇದನ್ನೇ. ವಿಳಾಸದ ಮೊದಲ ಭಾಗ ಯಾವ ಊರು ಎಂಬುದನ್ನು ಹೇಳುತ್ತದೆ, ಉಳಿದುದು ಯಾವ ಮನೆ ಎಂಬುದನ್ನು. ಎಲ್ಲಿಯವರೆಗೆ ಊರು, ಎಲ್ಲಿಂದ ಮನೆ ಎಂದು ಗೆರೆ ಎಳೆಯುವ ಗುರುತಿಗೆ ‘ಸಬ್‌ನೆಟ್ ಮಾಸ್ಕ್’ ಎನ್ನುತ್ತಾರೆ. ಅದು 255.255.255.0 ಇದ್ದರೆ ಮೊದಲ ಮೂರು ಭಾಗ ಊರು, ಕೊನೆಯದು ಮನೆ. ಅಂಥ ಊರಿನಲ್ಲಿ ಸಂಖ್ಯೆಗಳು 256; ಮೊದಲನೆಯದು ಊರಿನ ಗುರುತಿಗೆ, ಕೊನೆಯದು ಊರಿಗೆಲ್ಲ ಡಂಗುರ ಸಾರುವುದಕ್ಕೆ ಮೀಸಲು; ಯಂತ್ರಗಳಿಗೆ ಉಳಿಯುವುದು 254.

ಮೂರನೆಯದು ದೋಷ ಹುಡುಕುವ ಕ್ರಮ, ಎಲ್ಲಕ್ಕಿಂತ ಮುಖ್ಯವಾದುದು. ಗಿರಣಿ ನಿಂತರೆ ಅನುಭವಿ ಫಿಟ್ಟರ್ ಮೊದಲು ಎಂಜಿನ್ನು ಬಿಚ್ಚುವುದಿಲ್ಲ. ಕರೆಂಟು ಇದೆಯೇ, ಫ್ಯೂಜು ಹೋಗಿದೆಯೇ, ಬೆಲ್ಟು ಜಾರಿದೆಯೇ ಎಂದು ಕೆಳಗಿನಿಂದ ನೋಡುತ್ತ ಬರುತ್ತಾನೆ. ನೆಟ್‌ವರ್ಕಿನ ಪುಸ್ತಕಗಳಲ್ಲಿ ಏಳು ಪದರಗಳೆಂದು ಕಲಿಸುವುದರ ಉಪಯೋಗವೂ ಇದೇ. ತಂತಿ ಸರಿಯಾಗಿ ಕೂತಿದೆಯೇ? ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ? ಸಾಮಾನ್ಯ ತಾಮ್ರದ ತಂತಿ 100 ಮೀಟರಿನ ಮಿತಿ ದಾಟಿದೆಯೇ? ಯಂತ್ರಕ್ಕೆ ವಿಳಾಸ ದೊರೆತಿದೆಯೇ? ಕೋಣೆಯ ರೂಟರಿಗೆ ಕರೆ ಮುಟ್ಟುತ್ತದೆಯೇ? ಹೊರಗಿನ ವಿಳಾಸಕ್ಕೆ ಮುಟ್ಟುತ್ತದೆಯೇ? ಹೆಸರು ಹಿಡಿದು ಕರೆದರೆ ಓಗೊಡುತ್ತದೆಯೇ? ಇವೆಲ್ಲ ಸರಿಯಿದ್ದೂ ಕೆಲಸ ನಡೆಯದಿದ್ದರೆ ಆಗ ಸರ್ವರನ್ನು ದೂರಬಹುದು. ಯಂತ್ರದ ವಿಳಾಸ 169.254 ಎಂದು ಆರಂಭವಾಗಿದ್ದರೆ ಅದಕ್ಕೆ ವಿಳಾಸ ಹಂಚಿ ಕೊಡುವವರೇ ಸಿಕ್ಕಿಲ್ಲವೆಂದು ತಿಳಿಯಬೇಕು. ಆ ದೋಷ ಬೆಂಗಳೂರಿನಲ್ಲಿ ಇರುವುದಿಲ್ಲ, ಬಹುತೇಕ ಇದೇ ಕಟ್ಟಡದಲ್ಲಿ ಇರುತ್ತದೆ. “ಸರ್ವರ್ ಇಲ್ಲ” ಎಂಬ ಮಾತಿಗೆ ಇದೇ ಮರುಮಾತು. ಊರಿಗೊಬ್ಬ ತರುಣನಾದರೂ ಇದನ್ನು ಬಲ್ಲವನಿದ್ದರೆ ನಾಳೆ ಬಾ ಎನ್ನುವವರು ಎರಡು ಸಲ ಯೋಚಿಸುವರು.

ಈ ವಿದ್ಯೆ ಯಾರ ಸ್ವತ್ತು? ಯಾವ ಸಾಹುಕಾರನದೂ ಅಲ್ಲ. 1969ರಲ್ಲಿ ಅಮೆರಿಕದಲ್ಲಿ ಮೊದಲ ಜಾಲ ಕಟ್ಟಿದ್ದು ಸರಕಾರದ ಹಣದಿಂದ. ಅದು ಅಲ್ಲಿನ ರಕ್ಷಣಾ ಇಲಾಖೆಯ ಹಣವೆಂಬುದನ್ನು ಮರೆಮಾಚಬೇಕಾಗಿಲ್ಲ. ಇಂದಿಗೂ ಬಳಕೆಯಲ್ಲಿರುವ ವಿಳಾಸದ ನಿಯಮಗಳನ್ನು 1981ರ ಸೆಪ್ಟೆಂಬರಿನಲ್ಲಿ ಆರ್.ಎಫ್.ಸಿ. 791 ಎಂಬ ಪತ್ರದಲ್ಲಿ ಪ್ರಕಟಿಸಿದರು. ಅದನ್ನು ಯಾರಾದರೂ ಕಾಸು ಕೊಡದೆ ಓದಬಹುದು. ಯುರೋಪಿನ ದೇಶಗಳು ಕೂಡಿ ನಡೆಸುವ ಸರ್ನ್ ಸಂಸ್ಥೆಯು 1993ರ ಏಪ್ರಿಲ್ 30ರಂದು ವರ್ಲ್ಡ್ ವೈಡ್ ವೆಬ್ಬನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟಿತು. ಭಾರತದಲ್ಲಿ 1995ರ ಆಗಸ್ಟ್ 15ರಂದು ಜನರಿಗೆ ಇಂಟರ್‌ನೆಟ್ ತೆರೆದದ್ದು ಅಂದಿನ ಸರಕಾರಿ ಸಂಸ್ಥೆ ವಿದೇಶ ಸಂಚಾರ ನಿಗಮ. ಸಾರ್ವಜನಿಕರ ದುಡ್ಡಿನಿಂದ ಹುಟ್ಟಿದ ವಿದ್ಯೆ ಇದು. ಹೀಗಿರಲು ಕೆಲಸಗಾರನ ಮಗ ಅದರ ಬಾಗಿಲಲ್ಲಿ ಏಕೆ ನಿಂತಿರಬೇಕು?

ನಿಲ್ಲಿಸಿರುವ ಅಗಳಿಗಳು ಎರಡು. ಒಂದು, ಹಣ. ಸಿ.ಸಿ.ಎಸ್.ಟಿ. ಪರೀಕ್ಷೆಗೆ 125 ಡಾಲರು, ಎಂದರೆ ಹತ್ತು ಸಾವಿರ ರೂಪಾಯಿ ಮೀರಿತು. ಸಿ.ಸಿ.ಎನ್.ಎ.ಗೆ 300 ಡಾಲರು, ಇಪ್ಪತ್ತೈದು ಸಾವಿರಕ್ಕೂ ಮೇಲೆ; ತೆರಿಗೆ ಬೇರೆ. ನಪಾಸಾದರೆ ಮತ್ತೆ ಅಷ್ಟೇ ತೆರಬೇಕು. ಪಾಸಾದರೂ ಸಿ.ಸಿ.ಎನ್.ಎ., ನೆಟ್‌ವರ್ಕ್ ಪ್ಲಸ್‌ಗಳ ಪತ್ರಕ್ಕೆ ಮೂರೇ ವರ್ಷದ ಆಯುಷ್ಯ. ಎರಡನೆಯದು, ಭಾಷೆ. ಸಿ.ಸಿ.ಎನ್.ಎ. ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಜಪಾನಿ ಭಾಷೆಯಲ್ಲಿಯೂ ಬರೆಯಬಹುದು. ಕನ್ನಡದಲ್ಲಿ ಬರೆಯುವಂತಿಲ್ಲ. ಜಪಾನಿನ ತರುಣನು ತನ್ನ ತಾಯಿನುಡಿಯಲ್ಲಿ ಉತ್ತರಿಸಿದರೆ ಅವನ ವಿದ್ಯೆ ಕಡಮೆಯೆಂದು ಯಾರೂ ಹೇಳುವುದಿಲ್ಲ. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯಿನುಡಿಯಾದ ಕನ್ನಡಕ್ಕೆ ಆ ಸ್ಥಾನವಿಲ್ಲ. ಏಕೆಂದರೆ ಅದನ್ನು ಕೇಳಬೇಕಾದ ಸರಕಾರವು ಗಟ್ಟಿಯಾಗಿ ಕೇಳಲಿಲ್ಲ.

ಹತ್ತಿಮತ್ತೂರಿನಲ್ಲಿಯೇ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಶಾಸನವಿದೆ. 8ನೆಯ ಶತಮಾನದ್ದು, ಕನ್ನಡದ್ದು. ಜನರಿಗೆ ತಿಳಿಯಬೇಕಾದುದನ್ನು ಜನರ ಮಾತಿನಲ್ಲಿ ಬರೆಯಬೇಕೆಂಬ ಬುದ್ಧಿ ಅರಸರ ಕಾಲಕ್ಕೇ ಇತ್ತು. ಲೋಹಿಯಾ ಅವರು ಜನಭಾಷೆಯಿಲ್ಲದೆ ಜನರಾಜ್ಯವಿಲ್ಲವೆಂದು ಬಾಳಿನುದ್ದಕ್ಕೂ ವಾದಿಸಿದರು. ಕಾಗೋಡಿನ ಹೋರಾಟದಿಂದ ಬಂದು 1952ರಲ್ಲಿ ವಿಧಾನಸಭೆ ಹೊಕ್ಕ ಶಾಂತವೇರಿ ಗೋಪಾಲಗೌಡರು ಕನ್ನಡದಲ್ಲಿ ಆಡಳಿತ ನಡೆಯಬೇಕೆಂದು ದನಿಯೆತ್ತಿದರು. ಆಡಳಿತವೇ ತಂತಿಯ ಮೇಲೆ ಕುಳಿತಿರುವ ಇಂದು ತಂತಿಯ ವಿದ್ಯೆ ಕನ್ನಡಕ್ಕೆ ಬಾರದಿದ್ದರೆ ಆ ಬೇಡಿಕೆ ಅರ್ಧಕ್ಕೇ ನಿಂತಂತೆ.

“ಕನ್ನಡದಲ್ಲಿ ಶಬ್ದಗಳೆಲ್ಲಿವೆ?” ಎಂದು ಕೆಲವರು ನಗುವರು. ಗಿರಣಿಯಲ್ಲಿ ಬೇರಿಂಗು, ಫ್ಯೂಜು, ಬಾಯ್ಲರು ಎಂದೇ ಹೇಳುತ್ತ ಕನ್ನಡಿಗ ಯಂತ್ರ ನಡೆಸಿಲ್ಲವೇ? ರೂಟರು ರೂಟರೇ ಆಗಿರಲಿ, ಸ್ವಿಚ್ಚು ಸ್ವಿಚ್ಚೇ ಆಗಿರಲಿ. ಅದು ಏನು ಮಾಡುತ್ತದೆಂಬ ವಿವರಣೆ ಮಾತ್ರ ಕನ್ನಡದಲ್ಲಿರಲಿ. ಇಂಗ್ಲಿಷ್ ಕಲಿಯಬೇಡಿರೆಂದು ನಾವು ಹೇಳುವುದಿಲ್ಲ. ಯಂತ್ರದ ಕೈಪಿಡಿ ಓದುವಷ್ಟು ಇಂಗ್ಲಿಷ್ ಬೇಕೇ ಬೇಕು. ಆದರೆ ಇಂಗ್ಲಿಷ್ ಬಂದ ಮೇಲೆಯೇ ವಿದ್ಯೆ ಎಂಬ ನಿಯಮ ಅನ್ಯಾಯದ್ದು.

ತರುಣರಿಗೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪ್ರಮಾಣಪತ್ರವೇ ನೌಕರಿಯಲ್ಲ. “ನೌಕರಿ ಗ್ಯಾರಂಟಿ” ಎಂದು ಫಲಕ ಹಚ್ಚಿ ಹಣ ಕೀಳುವವರ ಮಾತಿಗೆ ಮರುಳಾಗಿ ತಾಯಿಯ ಬಂಗಾರ ಒತ್ತೆಯಿಡಬೇಡಿರಿ. ಹಳೆಯ ಪ್ರಶ್ನೆಗಳನ್ನು ಉರುಹೊಡೆದು ಪಾಸಾದವನ ಕೈಗೆ ಕಡಿದ ತಂತಿ ಕೊಟ್ಟರೆ ಅವನ ಬಂಡವಾಳ ಅರ್ಧ ತಾಸಿನಲ್ಲಿ ಬಯಲಾಗುತ್ತದೆ. ಹಣವಿಲ್ಲದವನಿಗೂ ಆರಂಭದ ದಾರಿಯುಂಟು. ಸಿಸ್ಕೊ ಕಂಪನಿಯೇ ‘ಪ್ಯಾಕೆಟ್ ಟ್ರೇಸರ್’ ಎಂಬ ಅಭ್ಯಾಸದ ಸಾಧನವನ್ನೂ ಮೊದಲ ಪಾಠಗಳನ್ನೂ ಬಿಟ್ಟಿಯಾಗಿ ಕೊಡುತ್ತದೆ. ಮೊದಲು ಕಲಿಯಿರಿ, ಪರೀಕ್ಷೆಯ ಶುಲ್ಕ ಕಟ್ಟುವುದು ಕೊನೆಯ ಮೆಟ್ಟಿಲಾಗಲಿ.

ಸರಕಾರಕ್ಕೆ ನಮ್ಮ ಬೇಡಿಕೆಗಳು ನಾಲ್ಕು. ನೆಟ್‌ವರ್ಕಿನ ಮೂಲಪಾಠಗಳ ಪುಸ್ತಕವನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಕನ್ನಡದಲ್ಲಿಯೇ ಪರೀಕ್ಷೆ ನಡೆಸಿ, ಸರಕಾರದ ಹೆಸರಿನಲ್ಲಿಯೇ ಪತ್ರ ಕೊಡಲಿ. ತಾಲೂಕಿನ ಐ.ಟಿ.ಐ.ಗಳಲ್ಲಿ, ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಪಾಳಿ ಮುಗಿಸಿ ಬರುವವರಿಗಾಗಿ ಸಂಜೆಯ ತರಗತಿ ತೆರೆಯಲಿ. ಹೊರಗಿನ ಪರೀಕ್ಷೆ ಪಾಸಾದ ಕೂಲಿಕಾರರ ಮಕ್ಕಳಿಗೆ ಶುಲ್ಕ ಮರಳಿಸಲಿ. ಪಂಚಾಯತಿಯವರೆಗೆ ಭಾರತ್‌ನೆಟ್ ತಂತಿ ಎಳೆದಿದ್ದಾರೆ. ಅದನ್ನು ನೋಡಿಕೊಳ್ಳುವ ಕೆಲಸವನ್ನು ಗುತ್ತಿಗೆದಾರರ ಕೈಗೆ ಒಪ್ಪಿಸದೆ, ಇದೇ ತಾಲೂಕಿನ ಕಲಿತ ತರುಣರಿಗೆ ಕಾಯಂ ಸಂಬಳದ ಮೇಲೆ ಕೊಡಲಿ. ಕಲಿತವನಿಗೆ ಊರಲ್ಲಿ ಅನ್ನವಿಲ್ಲದಿದ್ದರೆ ಆ ವಿದ್ಯೆಯೂ ಬೆಂಗಳೂರಿನ ಬಸ್ಸು ಹತ್ತುತ್ತದೆ.

ಸರಕಾರ ಮಾಡುವವರೆಗೆ ಕೈಕಟ್ಟಿ ಕೂಡುವುದು ನಮ್ಮ ಪದ್ಧತಿಯಲ್ಲ. ಕಾರ್ಮಿಕ ಸಂಘದ ಕೋಣೆಯಲ್ಲಿ ವಾರಕ್ಕೆರಡು ಸಂಜೆ ದೀಪ ಹಚ್ಚಬಹುದು. ವ್ಯಾಪಾರಸ್ಥರ ಅಂಗಡಿಗಳ ಮೂಲೆಯಲ್ಲಿ ಬಿದ್ದ ಹಳೆಯ ಕಂಪ್ಯೂಟರುಗಳನ್ನು, ಒಂದು ಸ್ವಿಚ್ಚನ್ನು, ನಾಲ್ಕು ಮಾರು ತಂತಿಯನ್ನು ಕೂಡಿಸಿದರೆ ಶಾಲೆ ಆರಂಭವಾಯಿತು. ಹೆಣ್ಣುಮಕ್ಕಳನ್ನೂ ಕರೆಯಿರಿ, ಪಡಿತರದ ಪಾಳಿಯಲ್ಲಿ ಹೆಚ್ಚು ಹೊತ್ತು ನಿಂತವರು ಅವರೇ. ಬಲ್ಲವರೊಬ್ಬರು ಕಲಿಸಲಿ, ಕಲಿತವರು ಮುಂದಿನವರಿಗೆ ಕಲಿಸಲಿ. ಮುಂದಿನ ಸಲ ಕಿಟಕಿಯ ಆಚೆಯಿಂದ “ಸರ್ವರ್ ಇಲ್ಲ” ಎಂಬ ಮಾತು ಬಂದಾಗ, ಈಚೆಯಿಂದ ಒಬ್ಬರಾದರೂ ಮುಂದೆ ಬಂದು, “ಮೊದಲು ಆ ಪೆಟ್ಟಿಗೆಯ ದೀಪ ನೋಡ್ರಿ” ಎನ್ನುವಂತಾಗಲಿ.