ಮೂತ್ರಾಶಯ ಎಂದರೆ ಯಾರ ಆಶಯ?



ಹಲವು ವರ್ಷಗಳ ಹಿಂದೆ ಏಳನೇ ತರಗತಿಯ ಕಿರುಪರೀಕ್ಷೆಯಲ್ಲಿ ‘ಮೂತ್ರಾಶಯ ಎಂದರೇನು?’ ಎಂದು ಕೇಳಿದ್ದೆ. ಒಬ್ಬ ಹುಡುಗಿ ‘ಮೂತ್ರಕ್ಕೆ ಹೋಗಬೇಕೆಂಬ ಆಸೆ’ ಎಂದು ಬರೆದಿದ್ದಳು. ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಆ ವರ್ಷ ಪೂರ್ತಿ ಅವಳು ವಿಜ್ಞಾನದ ಪಾಠದಲ್ಲಿ ಕೈ ಎತ್ತಲಿಲ್ಲ.

ಯೋಚಿಸಿ ನೋಡಿ, ಅವಳ ತಪ್ಪೇನು? ಕನ್ನಡದ ಪೀರಿಯಡ್ಡಿನಲ್ಲಿ ‘ಈ ಪದ್ಯದ ಆಶಯವೇನು?’ ಎಂದು ಕೇಳುವವರು ನಾವೇ. ಮುಂದಿನ ಪೀರಿಯಡ್ಡಿನಲ್ಲಿ ಒಂದು ಮಾತೂ ಹೇಳದೆ ಅದೇ ಪದಕ್ಕೆ ಚೀಲದ ಅರ್ಥ ಕೊಡುವವರೂ ನಾವೇ! ಸಂಸ್ಕೃತದಲ್ಲಿ ಆಶಯ ಎಂದರೆ ಏನಾದರೂ ಬಂದು ತಂಗುವ ಜಾಗ. ನೀರು ತಂಗಿದರೆ ಜಲಾಶಯ, ಭ್ರೂಣ ತಂಗಿದರೆ ಗರ್ಭಾಶಯ. ಮನಸ್ಸೂ ಯೋಚನೆಗಳು ತಂಗುವ ಜಾಗವಲ್ಲವೇ? ಹಾಗಾಗಿ ಅಲ್ಲಿರುವ ಉದ್ದೇಶಕ್ಕೂ ಅದೇ ಹೆಸರು.

ಇಷ್ಟು ಹೇಳಿದರೆ ಅರ್ಧ ಪಾಠ ಮುಗಿದಂತೆ. ಕನ್ನಂಬಾಡಿ ಜಲಾಶಯ ಸುಮಾರು 49 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಒಂದು ಟಿ.ಎಂ.ಸಿ. ಎಂದರೆ ಸುಮಾರು 2,830 ಕೋಟಿ ಲೀಟರ್. ದೊಡ್ಡವರ ಮೂತ್ರಾಶಯ ಹಿಡಿಯುವುದು ಅರ್ಧ ಲೀಟರಿನ ಆಸುಪಾಸು. ಆದರೂ ಎರಡರ ಕೆಲಸ ಒಂದೇ. ಕಾವೇರಿಯ ನೀರು ಹರಿದು ಬಂದಂತೆ, ಮೂತ್ರಪಿಂಡಗಳು ಸೋಸಿದ್ದು ಎರಡು ನಾಳಗಳಲ್ಲಿ ಇಳಿದು ಬರುತ್ತದೆ. ಅಲ್ಲಿ ತಡೆದು ಬಿಡಲು ಗೇಟುಗಳಿವೆ, ಇಲ್ಲಿ ಬಳೆಯಾಕಾರದ ಸ್ನಾಯುಗಳಿವೆ. ಪ್ರವಾಸದಲ್ಲಿ ಅಣೆಕಟ್ಟು ನೋಡಿ ಬಂದ ಮಕ್ಕಳಿಗೆ ಚಿತ್ರಪಟವೂ ಬೇಕಿಲ್ಲ.

‘ಕೋಶ’ ಇನ್ನೂ ಗೋಜಲು. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಅಲ್ಲಿ ಕಂಡ ಖಾಲಿ ಗೂಡುಗಳನ್ನು ‘ಸೆಲ್’, ಅಂದರೆ ಪುಟ್ಟ ಕೋಣೆ, ಎಂದು ಕರೆದ. ನಾವು ಜೀವಕೋಶ ಎಂದೆವು. ಆದರೆ ಶ್ವಾಸಕೋಶ ಒಂದು ಜೀವಕೋಶವಲ್ಲ, ಅದರೊಳಗೇ ಕೋಟ್ಯಂತರ ಜೀವಕೋಶಗಳಿವೆ. ಅಂಗಡಿಯಿಂದ ಟಾರ್ಚಿಗೆ ತರುವ ಸೆಲ್ಲು ಪುಸ್ತಕದಲ್ಲಿ ವಿದ್ಯುತ್‌ಕೋಶ. ದೇಶ ಸುತ್ತಿ ಓದಬೇಕಾದ ಕೋಶವೇ ಬೇರೆ. ಮಗು ಯಾವುದನ್ನೆಂದು ಹಿಡಿದೀತು?

ಇಂಥ ಪದಗಳನ್ನೇ ಕೈಬಿಟ್ಟು ‘ಮೂತ್ರದ ಚೀಲ’ ಎನ್ನೋಣ ಎಂಬ ವಾದವಿದೆ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಪ್ರೌಢಶಾಲೆಗೆ ಹೋದ ಮೇಲೆ ಅವರಿಗೆ ಮೂತ್ರಾಶಯ ಬೇಕೇ ಬೇಕು. ಮೊದಲು ಚೀಲ ಎನ್ನಿ, ಆಮೇಲೆ ಪದ ಬಿಡಿಸಿ. ಆದರೆ ಅದಕ್ಕೂ ಮುಂಚೆ ಪದವನ್ನು ಹಲಗೆಯ ಮೇಲೆ ಬರೆದು, ‘ಇದು ಏನಿರಬಹುದು?’ ಎಂದು ಮಕ್ಕಳನ್ನೇ ಕೇಳಿ. ಬಂದ ಉತ್ತರಗಳನ್ನೆಲ್ಲ ಅಳಿಸದೆ ಬರೆಯಿರಿ. ಐದು ನಿಮಿಷ ಸಾಕು.

ಆ ಹುಡುಗಿಯ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದ್ದೆ. ಪಕ್ಕದ ಬೆಂಚಿನ ಹುಡುಗ ‘ಮೂತ್ರ ಸಂಗ್ರಹಿಸುವ ಅಂಗ’ ಎಂದು ಬಾಯಿಪಾಠ ಒಪ್ಪಿಸಿ ಪೂರ್ಣ ಅಂಕ ಪಡೆದ. ಅದರಲ್ಲಿ ‘ಆಶಯ’ ಎಂದರೇನಪ್ಪಾ ಎಂದು ನಾನು ಅವನನ್ನು ಕೇಳಲೇ ಇಲ್ಲ.